ಹೇನು ಹೋಗಲಿ, ಎಲೆ ಉಳಿಯಲಿ

ಮುಂಗಾರು ಹಿಂದೆ ಸರಿದು, ತುಲಾ ಮಾಸದ ಗುಡುಗುಮಳೆಯೂ ನಿಂತಿತೆಂದರೆ ವಯನಾಡಿನ ಬೇಗೂರಿನ ಸುತ್ತಲಿನ ಹಿತ್ತಿಲುಗಳಲ್ಲಿ ಚಿಗುರಿನ ಕಾಲ. ಜೂನ್‌ನಿಂದ ಹಿಡಿದ ಮಳೆಗೆ ಸೊರಗಿ ನಿಂತ ಗುಲಾಬಿ ಕುಡಿಯೊಡೆಯುತ್ತದೆ, ಅಲಸಂದೆ ಚಪ್ಪರಕ್ಕೆ ಹಬ್ಬುತ್ತದೆ, ದಾಸವಾಳ, ಸೇವಂತಿಗೆ, ಮೆಣಸಿನಗಿಡ ಎಲ್ಲವೂ ಹೊಸ ಎಲೆ ಬಿಡುತ್ತವೆ. ಆ ಎಳೆ ಕುಡಿಗಳ ಬೆನ್ನಿಗೇ ಸಸ್ಯಹೇನೂ ಬರುತ್ತದೆ. ಮೊದಲು ಚಿಗುರೆಲೆ ಒಳಮುಖವಾಗಿ ಮುರುಟುತ್ತದೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ಹಸಿರು, ಕಪ್ಪು, ಇಲ್ಲವೇ ಹಳದಿ ಬಣ್ಣದ ಸಾಸಿವೆ ಗಾತ್ರದ ಜೀವಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ.

ಮಾನಂತವಾಡಿಯಿಂದ ಕಾಟ್ಟಿಕುಳಂ ಹಾದು ತೋಲ್ಪೆಟ್ಟಿ, ಕುಟ್ಟದ ಕಡೆಗೆ ಹೋಗುವ ಸೀಮೆಯಲ್ಲಿದೆ ಬೇಗೂರು. ಈ ಹೆಸರಿನ ಅರಣ್ಯ ವಲಯವೂ ಇಲ್ಲಿದೆ. ಉತ್ತರಕ್ಕೆ ಕೊಡಗು, ಬಾವಲಿ ದಾಟಿದರೆ ಹೆಗ್ಗಡದೇವನಕೋಟೆ. ಕಾಫಿ, ಒಳ್ಳೆಮೆಣಸು, ಬಾಳೆ, ಅಡಿಕೆಗಳ ನಡುವೆಯೇ ಮನೆ, ಮನೆಯ ಬದಿಗೆ ತರಕಾರಿ, ಅಂಗಳದಲ್ಲಿ ಹೂಗಿಡ. ಬಾವಿ ಅಲ್ಲೇ ಪಕ್ಕದಲ್ಲಿ. ಹಳ್ಳ ತೊರೆಗಳ ನೀರು ಕೊನೆಗೆ ಹೋಗಿ ಸೇರುವುದು ಕಬಿನಿಗೆ. ಇಂಥ ಕಡೆ ಗಿಡಕ್ಕೆ ಹೊಡೆದದ್ದು ಗಿಡದಲ್ಲೇ ಉಳಿಯುವುದಿಲ್ಲ. ಹಾಗಾಗಿ ಇಲ್ಲಿನ ಹಿತ್ತಿಲುಗಳಲ್ಲಿ ಹೆಚ್ಚಿನವರು ಅಂಗಡಿಯ ವಿಷಕ್ಕಿಂತ ಮೊದಲು ಸಾಬೂನು, ಬೇವಿನೆಣ್ಣೆ, ಬೂದಿ, ತಂಬಾಕಿನ ಕಷಾಯಗಳ ಕಡೆಗೆ ಕೈಚಾಚುತ್ತಾರೆ. ಆ ಆಯ್ಕೆ ಸರಿಯಾದದ್ದೇ. ಆದರೆ ಹೇನಿಗೆಂದು ಹೊಡೆದ ಸಾಬೂನಿನ ನೀರಿಗೆ ಗಿಡದ ಎಲೆಯೇ ಸುಟ್ಟುಹೋಗುವುದೂ ಅಷ್ಟೇ ಸಾಮಾನ್ಯ. ಮನೆಮದ್ದು ಎಂದಮಾತ್ರಕ್ಕೆ ಅದು ಎಲೆಗೆ ಸೌಮ್ಯ ಎಂದು ತಿಳಿಯುವುದರಿಂದಲೇ ಈ ಹಾನಿ.

ಎರಡು ಮೇಣ, ಒಂದು ಮದ್ದು

ಹೇನಿನ ಮೈಮೇಲೆ ಮೇಣದ ತೆಳು ಪದರವಿದೆ. ಅದರ ಮೈಯೊಳಗಿನ ನೀರು ಆವಿಯಾಗಿ ಹೋಗದಂತೆ ಕಾಯುವುದು ಅದೇ. ಸಾಬೂನಿನ ನೀರು ತಗುಲಿದಾಗ ಈ ಪದರ ಕದಡುತ್ತದೆ, ಕೆಳಗಿನ ಜೀವಕೋಶಗಳ ಪೊರೆ ಒಡೆಯುತ್ತದೆ, ಉಸಿರಾಡುವ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಹೇನು ಒಣಗಿ ಸಾಯುತ್ತದೆ.

ಎಲೆಯ ಮೈಮೇಲೂ ಮೇಣವಿದೆ. ಕೆಲಸವೂ ಅದೇ, ಒಳಗಿನ ನೀರನ್ನು ಕಾಯುವುದು. ಸಾಬೂನು ಹೇನಿನ ಮೇಣ ಯಾವುದು, ಎಲೆಯ ಮೇಣ ಯಾವುದು ಎಂದು ಗುರುತಿಸುವುದಿಲ್ಲ. ಎಲೆಯ ಪದರ ಹೇನಿನದಕ್ಕಿಂತ ಗಟ್ಟಿ ಎಂಬುದಷ್ಟೇ ನಮಗಿರುವ ಅನುಕೂಲ. ಹೇನನ್ನು ಕೊಲ್ಲುವಷ್ಟು ತೀಕ್ಷ್ಣ, ಎಲೆಯನ್ನು ಸುಡದಷ್ಟು ಸೌಮ್ಯ. ಈ ಎರಡರ ನಡುವಿನ ಕಿರಿದಾದ ಅಂತರದಲ್ಲೇ ನಾವು ಕೆಲಸ ಮಾಡಬೇಕು. ಎಷ್ಟು ಬೆರೆಸಬೇಕು, ಯಾವ ಹೊತ್ತಿನಲ್ಲಿ ಹೊಡೆಯಬೇಕು, ಎಂಥ ನೀರು ಬಳಸಬೇಕು, ಯಾವಾಗ ತೊಳೆಯಬೇಕು ಎಂಬ ಎಲ್ಲ ನಿಯಮಗಳೂ ಹುಟ್ಟುವುದು ಈ ಒಂದು ಸಂಗತಿಯಿಂದ. ಇದು ಮನಸ್ಸಿನಲ್ಲಿದ್ದರೆ ಅಳತೆಯ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ.

ಚಿಗುರೆಲೆಯ ಮೇಣ ಬಲಿತ ಎಲೆಯದಕ್ಕಿಂತ ತೆಳು. ನೆರಳಲ್ಲಿ ಬೆಳೆದ ಗಿಡದ ಎಲೆ ಬಿಸಿಲಲ್ಲಿ ಬೆಳೆದದ್ದಕ್ಕಿಂತ ನಾಜೂಕು. ಹೇನು ಕೂರುವುದು ಚಿಗುರಿನ ಮೇಲೆಯೇ. ಅಂದರೆ ಗಿಡದಲ್ಲಿ ಮದ್ದನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿ ಕಡಿಮೆಯೋ ಅಲ್ಲಿಗೇ ನಾವು ಮದ್ದು ಹೊಡೆಯಬೇಕಾಗುತ್ತದೆ. ಎಚ್ಚರ ಬೇಕಾಗಿರುವುದು ಇದಕ್ಕೇ.

ವಾರದೊಳಗೆ ಅಜ್ಜಿ

ಹೇನು ಇಷ್ಟು ಬೇಗ ತುಂಬಿಕೊಳ್ಳುವುದು ಹೇಗೆ ಎಂಬುದನ್ನು 1740ರಲ್ಲಿ ಜಿನೀವಾದ ಶಾರ್ಲ್ ಬೊನೆ ಎಂಬ ಇಪ್ಪತ್ತರ ಯುವಕ ಕಂಡುಕೊಂಡ. ಆಗಷ್ಟೇ ಹುಟ್ಟಿದ ಒಂದು ಹೇನುಮರಿಯನ್ನು ಗಾಜಿನ ಪಾತ್ರೆಯಡಿ ಒಂಟಿಯಾಗಿಟ್ಟು ದಿನವೂ ಕಾದು ನೋಡಿದ. ಗಂಡಿನ ಸಂಗವೇ ಇಲ್ಲದೆ ಅದು ಬೆಳೆದು ಮರಿ ಹಾಕತೊಡಗಿತು. ನಮ್ಮ ಸೀಮೆಯ ಬೆಚ್ಚನೆಯ ಹವೆಯಲ್ಲಿ ಹೇನುಗಳು ಬಹುಪಾಲು ಹೀಗೆಯೇ ಬದುಕುತ್ತವೆ. ಗಿಡದ ಮೇಲೆ ಕಾಣುವುದೆಲ್ಲ ಹೆಣ್ಣು. ಮೊಟ್ಟೆಯಿಲ್ಲ, ನೇರ ಮರಿ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಮುಂದಿನ ಪೀಳಿಗೆಯ ಭ್ರೂಣಗಳು ಆಗಲೇ ರೂಪುಗೊಳ್ಳುತ್ತಿರುತ್ತವೆ. ಹವೆ ಅನುಕೂಲವಾಗಿದ್ದರೆ ಹುಟ್ಟಿದ ಮರಿ ಒಂದು ವಾರ, ಹತ್ತು ದಿನದೊಳಗೆ ತಾನೇ ಮರಿ ಹಾಕಲು ಶುರುಮಾಡುತ್ತದೆ. ಕುಡಿಯಲ್ಲಿ ಜಾಗ ಸಾಲದಾದಾಗ ರೆಕ್ಕೆಯಿರುವ ಮರಿಗಳು ಹುಟ್ಟಿ ಪಕ್ಕದ ಗಿಡಕ್ಕೆ ಹಾರುತ್ತವೆ.

ಸೂಜಿಯಂಥ ಬಾಯಿಯನ್ನು ಎಲೆಯ ನಾಳಕ್ಕೆ ಚುಚ್ಚಿ ಹೇನು ರಸ ಹೀರುತ್ತದೆ. ಆ ರಸದಲ್ಲಿ ಸಕ್ಕರೆ ಹೆಚ್ಚು, ಬೆಳವಣಿಗೆಗೆ ಬೇಕಾದ ಸಾರಜನಕ ಕಡಿಮೆ. ಬೇಕಾದಷ್ಟು ಸಾರಜನಕ ಸಿಗಲು ಅದು ಅತಿಯಾಗಿ ಹೀರಿ, ಉಳಿದ ಸಕ್ಕರೆ ನೀರನ್ನು ಹೊರಗೆ ಹಾಕುತ್ತದೆ. ಎಲೆ ಅಂಟಂಟಾಗುವುದು ಈ ಸಿಹಿಯಂಟಿನಿಂದ. ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯೊಳಗೆ ಇಳಿಯುವುದಿಲ್ಲ; ಬಿಸಿಲನ್ನು ತಡೆಯುತ್ತದೆ ಅಷ್ಟೇ. ಹೇನು ಹೋದರೆ ಅದೂ ಒಣಗಿ ಉದುರುತ್ತದೆ. ಕಪ್ಪು ಕಂಡೊಡನೆ ರೋಗದ ಮದ್ದು ತಂದು ಹೊಡೆಯುವ ಅಗತ್ಯವಿಲ್ಲ.

ಹೇನಿಗೆ ಸಾರಜನಕದ ಆಸೆ ಇರುವುದರಿಂದಲೇ ಯೂರಿಯಾ ಹೆಚ್ಚಾದ ಗಿಡ, ಕಡಲೆಹಿಂಡಿ ಕೊಳೆಸಿದ ನೀರನ್ನು ಮೇಲಿಂದ ಮೇಲೆ ಕುಡಿದ ಗಿಡ ಅದಕ್ಕೆ ಹಬ್ಬ. ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಬಿಡುವು ಕೊಟ್ಟು ಹಾಕುವುದೇ ಹೇನಿನ ಮೊದಲ ಚಿಕಿತ್ಸೆ.

ಮೊದಲು ಬೆರಳು, ಆಮೇಲೆ ನೀರು

ಹೇನಿನ ಹಾವಳಿ ಒಂದೆರಡು ಕುಡಿಗಳಲ್ಲಿ ಇರುವಾಗಲೇ ಕಂಡರೆ ಯಾವ ಮದ್ದೂ ಬೇಡ. ಹೆಬ್ಬೆರಳು ತೋರುಬೆರಳ ನಡುವೆ ಕುಡಿಯನ್ನು ಮೃದುವಾಗಿ ಎಳೆದರೆ ಮುಗಿಯಿತು. ಅಲಸಂದೆಯ ತುದಿ ಪೂರ್ತಿ ಕಪ್ಪಾಗಿದ್ದರೆ ಆ ತುದಿಯನ್ನೇ ಚಿವುಟಿ ಸಾಬೂನಿನ ನೀರಿರುವ ಪಾತ್ರೆಗೆ ಹಾಕಿ. ಕೆಳಗಿನಿಂದ ಕವಲು ಒಡೆಯುತ್ತದೆ.

ಅದಕ್ಕೂ ಮೀರಿದ್ದರೆ ನೀರು. ಜೂನ್, ಜುಲೈ ತಿಂಗಳ ಜಡಿಮಳೆಯಲ್ಲಿ ವಯನಾಡಿನ ಗಿಡಗಳ ಮೇಲೆ ಹೇನು ಕಡಿಮೆ ಇರುವುದಕ್ಕೆ ದೊಡ್ಡ ಕಾರಣ ಮಳೆಯ ಹೊಡೆತವೇ. ಅದನ್ನೇ ನಾವು ಪೈಪಿನಿಂದ ಮಾಡಬಹುದು. ಕುಡಿಯ ಹಿಂದೆ ಅಂಗೈ ಆನಿಸಿ ಹಿಡಿದು, ಎಲೆಯ ಅಡಿಭಾಗಕ್ಕೆ ತಾಗುವಂತೆ ನೀರನ್ನು ಬಿರುಸಾಗಿ ಬಿಡಬೇಕು. ರಸ ಹೀರುತ್ತಿರುವ ಹೇನನ್ನು ಹೀಗೆ ಕಿತ್ತಾಗ ಎಷ್ಟೋ ಸಲ ಅದರ ಬಾಯಿಸೂಜಿ ಮುರಿಯುತ್ತದೆ. ನೆಲಕ್ಕೆ ಬಿದ್ದವುಗಳಲ್ಲಿ ಮತ್ತೆ ಗಿಡ ಹತ್ತುವವು ಕಡಿಮೆ. ಎರಡು ಮೂರು ದಿನಕ್ಕೊಮ್ಮೆ ಹೀಗೆ ಮಾಡಿದರೆ ಗುಲಾಬಿ, ದಾಸವಾಳದಂಥ ಗಟ್ಟಿ ಗಿಡಗಳಿಗೆ ಇಷ್ಟೇ ಸಾಕಾಗುವುದುಂಟು. ಬೆಳಿಗ್ಗೆಯೇ ಮಾಡಿ. ಸಂಜೆ ಒದ್ದೆಯಾದ ಎಲೆ ರಾತ್ರಿಯಿಡೀ ಒಣಗದೆ ಗುಲಾಬಿಗೆ ಕಪ್ಪುಚುಕ್ಕೆ ರೋಗ ಹತ್ತುತ್ತದೆ.

ಸಾಬೂನಿನ ಹದ

ನೀರಿಗೆ ಬಗ್ಗದಿದ್ದರೆ ಸಾಬೂನು. ಬಟ್ಟೆ ತೊಳೆಯುವ ಪುಡಿ, ಪಾತ್ರೆ ತಿಕ್ಕುವ ದ್ರವ ಎರಡೂ ಸಾಬೂನಲ್ಲ. ಅವು ಜಿಡ್ಡನ್ನು ಪೂರ್ತಿ ಕಿತ್ತು ತೆಗೆಯಲೆಂದೇ ಮಾಡಿದ ಡಿಟರ್ಜೆಂಟ್‌ಗಳು. ಪುಡಿಯಲ್ಲಿ ತೊಳೆಯುವ ಸೋಡಾವೂ ಇರುತ್ತದೆ. ಎಲೆಯ ಮೇಣವೂ ಒಂದು ಬಗೆಯ ಜಿಡ್ಡೇ ಆಗಿರುವುದರಿಂದ ಅವು ಅದನ್ನೂ ಬಿಡುವುದಿಲ್ಲ. ಎಣ್ಣೆಯಿಂದ ಮಾಡಿದ, ಪರಿಮಳ ಬಣ್ಣಗಳಿಲ್ಲದ ಸಾದಾ ಬಾರ್ ಸಾಬೂನನ್ನೇ ತುರಿದು ಬೆಚ್ಚಗಿನ ನೀರಲ್ಲಿ ಕರಗಿಸಿಕೊಳ್ಳಿ. ಲೀಟರಿಗೆ 5 ಗ್ರಾಂ ಸಾಕು. ಹೇನು ಹೆಚ್ಚಿದೆಯೆಂದು ಸಾಬೂನು ಹೆಚ್ಚಿಸಬೇಡಿ. ಹೆಚ್ಚಿಸಬೇಕಾದದ್ದು ಮದ್ದು ತಾಗುವ ಜಾಗವನ್ನು. ಸಾಬೂನು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ, ಮೈಗೆ ತಾಗಿದ ಹೇನನ್ನು ಮಾತ್ರ ಕೊಲ್ಲುತ್ತದೆ. ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಎಲೆಯ ಅಡಿ, ಮುರುಟಿದ ಎಲೆಯ ಒಳಮಡಿಕೆ, ಮೊಗ್ಗಿನ ಬುಡ ಇವಕ್ಕೆ ತಾಗದಿದ್ದರೆ ಎಲೆಯ ಮೇಲ್ಭಾಗವನ್ನು ಎಷ್ಟು ತೋಯಿಸಿದರೂ ವ್ಯರ್ಥ.

ಗಡುಸು ನೀರಿನಲ್ಲಿ ಸಾಬೂನು ಒಡೆದು ಬಿಳಿ ಕೆನೆಯಂತಾಗಿ ತೇಲುತ್ತದೆ. ಆ ದ್ರಾವಣ ಹೇನನ್ನು ಕೊಲ್ಲುವುದಿಲ್ಲ. ಎಲೆಯ ಮೇಲೆ ಬಿಳಿ ಪೊರೆ ಮಾತ್ರ ಬಿಡುತ್ತದೆ. ಕೊಳವೆಬಾವಿಯ ನೀರು ಗಡುಸಾಗಿದ್ದರೆ ಹಿಡಿದಿಟ್ಟ ಮಳೆನೀರು ಬಳಸಿ. ಒಳ್ಳೆಮೆಣಸಿಗೆ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಉಳಿದ ಬೋರ್ಡೋಗೆ ಸಾಬೂನು ಬೆರೆಸಿ ಒಂದೇ ಸಲಕ್ಕೆ ಹೊಡೆಯೋಣ ಎಂಬ ಯೋಚನೆ ಬರುವುದು ಸಹಜ. ಬೋರ್ಡೋದಲ್ಲಿ ಮೈಲುತುತ್ತದ ಜೊತೆಗೆ ಸುಣ್ಣವಿದೆ, ಸುಣ್ಣದಲ್ಲಿ ಸಾಬೂನು ಒಡೆಯುತ್ತದೆ. ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ.

ಮೊದಲ ಸಲ ಇಡೀ ಗಿಡಕ್ಕೆ ಹೊಡೆಯಬೇಡಿ. ಎರಡು ಮೂರು ಎಲೆಗಳಿಗೆ ಹೊಡೆದು ಎರಡು ದಿನ ಕಾಯಿರಿ. ಸುಟ್ಟ ಗುರುತು ಮೂಡುವುದಾದರೆ ಅಷ್ಟರೊಳಗೆ ಮೂಡುತ್ತದೆ. ಹಂಸಪಾದಿಯಂಥ ನಾಜೂಕು ಜರಿಗಿಡಗಳು, ಗೌರಿಹೂವಿನ ಬಾಲ್ಸಂ ಜಾತಿಯ ಗಿಡಗಳು, ನಸ್ಟರ್ಷಿಯಂ, ಸ್ವೀಟ್ ಪೀ, ಮುಳ್ಳುಕಾಂಡದ ಯೂಫೋರ್ಬಿಯಾ ಇವು ಸಾಬೂನನ್ನು ತಾಳಿಕೊಳ್ಳುವುದಿಲ್ಲ. ಇವಕ್ಕೆ ನೀರು ಮತ್ತು ಬೆರಳೇ ಮದ್ದು. ಬೇರೆ ಗಿಡಗಳಿಗೂ ಸಾಬೂನು ಹೊಡೆದ ಒಂದೆರಡು ಗಂಟೆಯ ಮೇಲೆ ಬರಿ ನೀರಿನಿಂದ ತೊಳೆದುಬಿಟ್ಟರೆ ಒಳ್ಳೆಯದು. ಆ ಹೊತ್ತಿಗೆ ಹೇನಿನ ಮೇಲಿನ ಕೆಲಸ ಮುಗಿದಿರುತ್ತದೆ, ಎಲೆಯ ಮೇಲಿನ ಭಾರ ಇಳಿಯುತ್ತದೆ. ತಪ್ಪಿಸಿಕೊಂಡ ಮರಿಗಳಿಗಾಗಿ ನಾಲ್ಕೈದು ದಿನದ ಮೇಲೆ ಇನ್ನೊಮ್ಮೆ ಹೊಡೆಯಬೇಕಾಗುತ್ತದೆ. ಮೂರನೆಯ ಸಲಕ್ಕೂ ಹತೋಟಿಗೆ ಬರದಿದ್ದರೆ ನಿಲ್ಲಿಸಿ. ಪ್ರತಿ ಸಲವೂ ಎಲೆಯ ಮೇಣ ಒಂದಿಷ್ಟು ಸವೆಯುತ್ತದೆ.

ಬೇವು, ಹೊಂಗೆ, ಬೆಳ್ಳುಳ್ಳಿ

ಬೇವು ಬಯಲುಸೀಮೆಯ ಮರ. ವಯನಾಡಿನ ಮಳೆಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಇಲ್ಲಿನವರಿಗೆ ಎಣ್ಣೆ ಅಂಗಡಿಯಿಂದಲೇ ಬರಬೇಕು. ಹತ್ತು ಲೀಟರ್ ದ್ರಾವಣಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯ ಹೇಳುವ ಬೇವಿನೆಣ್ಣೆ–ಬೆಳ್ಳುಳ್ಳಿ ಮಿಶ್ರಣದ ಅಳತೆ ಇದು: 50 ಗ್ರಾಂ ಬಾರ್ ಸಾಬೂನನ್ನು ಅರ್ಧ ಲೀಟರ್ ಬೆಚ್ಚಗಿನ ನೀರಲ್ಲಿ ಕರಗಿಸಬೇಕು. 200 ಗ್ರಾಂ ಬೆಳ್ಳುಳ್ಳಿ ಅರೆದು 300 ಮಿಲಿಲೀಟರ್ ನೀರಲ್ಲಿ ಕಲಸಿ ಸೋಸಿ ಅದಕ್ಕೆ ಸೇರಿಸಬೇಕು. 200 ಮಿಲಿಲೀಟರ್ ಬೇವಿನೆಣ್ಣೆಯನ್ನು ಸಣ್ಣಗೆ ಹುಯ್ಯುತ್ತ ಚೆನ್ನಾಗಿ ಕಲಕಿ, ಉಳಿದ ನೀರು ಬೆರೆಸಿ ಹತ್ತು ಲೀಟರ್ ಮಾಡಬೇಕು. ಇದು ಶೇ. 2ರ ದ್ರಾವಣ. ಬಲಿತ ಎಲೆಯ ತರಕಾರಿ ಗಿಡಕ್ಕೆ ಇದು ಸರಿ. ಗುಲಾಬಿಯ ಕೆಂಪು ಚಿಗುರಿಗೆ, ನೆರಳಿನ ಕುಂಡದ ಗಿಡಗಳಿಗೆ ಅರ್ಧದಷ್ಟು ತೆಳು ಮಾಡಿ ಶುರುಮಾಡುವುದು ಲೇಸು.

ಸಾಬೂನಿಲ್ಲದೆ ಎಣ್ಣೆಯನ್ನು ನೇರವಾಗಿ ನೀರಿಗೆ ಹಾಕಿದರೆ ಅದು ಮೇಲೆ ತೇಲುತ್ತದೆ. ಪಂಪಿನಿಂದ ಮೊದಲು ಬರಿ ನೀರು ಬರುತ್ತದೆ, ಕೊನೆಗೆ ಬರಿ ಎಣ್ಣೆ. ಕೊನೆಯ ಪಾಲು ಬಿದ್ದ ಗಿಡದ ಎಲೆರಂಧ್ರಗಳು ಮುಚ್ಚಿಹೋಗಿ, ಎಲೆಗೆ ಬೆವರಲಾಗದೆ ಮೈ ಕಾದು ಸುಡುತ್ತದೆ. ಕಲಸಿದ ದ್ರಾವಣವನ್ನು ಅಂದೇ ಬಳಸಿ, ಹೊಡೆಯುವಾಗಲೂ ಆಗಾಗ ಅಲುಗಾಡಿಸುತ್ತಿರಿ.

ಈ ತೊಂದರೆಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಂದು ಸರಳ ದಾರಿ ಹುಡುಕಿತು. ಬೇವಿನೆಣ್ಣೆ, ಹೊಂಗೆ ಎಣ್ಣೆಗಳಿಂದಲೇ ಸಾಬೂನು ಮಾಡಿತು. ಎಣ್ಣೆಯೂ ಸಾಬೂನೂ ಒಂದೇ ಆದ್ದರಿಂದ ಬೇರೆ ಬೇರೆಯಾಗಿ ನಿಲ್ಲುವ ಪ್ರಶ್ನೆ ಇಲ್ಲ. ಲೀಟರಿಗೆ 5ರಿಂದ 10 ಗ್ರಾಂ ಕರಗಿಸಿ ಹೊಡೆಯಬಹುದು. ಮನೆಯಂಗಳದ ಗಿಡಗಳಿಗೆ 5 ಗ್ರಾಂನಿಂದ ಶುರುಮಾಡಿದರೆ ಎಲೆಗೂ ಸಮಾಧಾನ.

ಬೇವಿನಿಂದ ಮಾರನೆಯ ದಿನವೇ ಫಲ ನಿರೀಕ್ಷಿಸಬಾರದು. ಸಾಬೂನಿನಂತೆ ಅದು ಕೂಡಲೇ ಕೊಲ್ಲುವುದಿಲ್ಲ. ಮರಿ ಪೊರೆ ಬಿಡುವುದನ್ನು ತಡೆಯುತ್ತದೆ, ಹಸಿವು ಕುಂದಿಸುತ್ತದೆ. ಹೇನು ದಿನಗಳ ಮೇಲೆ ಕಡಿಮೆಯಾಗುತ್ತದೆ. ನಾಳೆಯೂ ಹೇನು ಕಂಡಿತೆಂದು ನಾಡಿದ್ದೇ ಮತ್ತೆ ಎಣ್ಣೆ ಹೊಡೆಯುವವರ ಗಿಡದಲ್ಲಿಯೇ ಎಲೆ ಹೆಚ್ಚು ಸುಡುವುದು.

ತಂಬಾಕಿನ ಕಷಾಯ ಕೇರಳದ ತೋಟಗಳಲ್ಲಿ ಹಳೆಯ ಮದ್ದು, ಹೇನಿನ ಮೇಲೆ ಚುರುಕೂ ಹೌದು. ಅದರೊಳಗಿನ ನಿಕೋಟಿನ್ ಮನುಷ್ಯರಿಗೂ ವಿಷ, ಹೇನು ತಿನ್ನುವ ಹುಳಗಳಿಗೂ ವಿಷ. ಸೊಪ್ಪು, ಕೊತ್ತಂಬರಿಯಂಥ ನೇರ ಬಾಯಿಗೆ ಹೋಗುವ ಬೆಳೆಗಳಿಗೆ ಅದು ಬೇಡ. ಒಲೆಯ ಬೂದಿಯನ್ನು ಬೆಳಗಿನ ಇಬ್ಬನಿಯಲ್ಲಿ ತೆಳುವಾಗಿ ಉದುರಿಸುವುದೂ ಉಂಟು. ಬೂದಿ ಕ್ಷಾರ, ದಪ್ಪಗೆ ಕೂತು ಬಿಸಿಲು ಬಿದ್ದರೆ ಎಳೆ ಎಲೆ ಕಂದುತ್ತದೆ. ತೆಳುವಾಗಿ ಹಾಕಿ, ಮಾರನೆಯ ದಿನ ತೊಳೆಯಿರಿ.

ಅಲಸಂದೆಗೆ ಕೇರಳ ಕೃಷಿ ವಿಶ್ವವಿದ್ಯಾಲಯ ಇನ್ನೊಂದು ದಾರಿ ತೋರಿಸಿದೆ. ಫ್ಯುಸೇರಿಯಂ ಪ್ಯಾಲಿಡೊರೋಸಿಯಂ ಎಂಬ ಶಿಲೀಂಧ್ರ ಕಪ್ಪು ಹೇನಿಗೆ ರೋಗ ತರುತ್ತದೆ. ಅದನ್ನು ತವುಡಿನ ಮೇಲೆ ಬೆಳೆಸಿ, ಹೇನು ಕಂಡ ಕೂಡಲೇ 400 ಚದರ ಮೀಟರಿಗೆ, ಅಂದರೆ ಸುಮಾರು ಹತ್ತು ಸೆಂಟ್ ಜಾಗಕ್ಕೆ 3 ಕಿಲೋ ಲೆಕ್ಕದಲ್ಲಿ ಒಂದೇ ಸಲ ಹಾಕಬೇಕು ಎಂಬುದು ಶಿಫಾರಸು. ಎಲೆಯ ಮೇಣಕ್ಕೂ ಇದಕ್ಕೂ ಸಂಬಂಧವೇ ಇಲ್ಲದ್ದರಿಂದ ಎಲೆ ಸುಡುವ ಭಯವಿಲ್ಲ.

ಸುಟ್ಟ ಎಲೆ ಹೇಳುವುದೇನು

ಎಲೆ ಸುಟ್ಟಿದ್ದರೆ ಅದರ ಗುರುತನ್ನು ಓದಬಹುದು. ಎಲೆಯ ಅಂಚು, ತುದಿ ಮಾತ್ರ ಕಂದಿದ್ದರೆ ಸಾಬೂನು ಹೆಚ್ಚಾಗಿದೆ; ದ್ರಾವಣ ಇಳಿದು ನಿಲ್ಲುವುದು ಅಲ್ಲಿಯೇ. ನೀರು ಕುಡಿದಂತೆ ಕಪ್ಪಗಿನ, ಎಣ್ಣೆಣ್ಣೆಯಾದ ಪಟ್ಟೆಗಳಿದ್ದರೆ ಎಣ್ಣೆ ಸರಿಯಾಗಿ ಬೆರೆತಿಲ್ಲ. ಬಿಸಿಲು ಬೀಳುವ ಕಡೆಯ ಎಲೆಗಳಲ್ಲಿ ಮಾತ್ರ ಕಂದು ಚುಕ್ಕೆಗಳಿದ್ದರೆ ಹೊಡೆದ ಹೊತ್ತು ತಪ್ಪಿದೆ. ಬಿಸಿಲು 32 ಡಿಗ್ರಿಯ ಆಚೆ ಇರುವಾಗ ಸಾಬೂನಾಗಲಿ ಎಣ್ಣೆಯಾಗಲಿ ಬೇಡ. ಫೆಬ್ರವರಿ, ಮಾರ್ಚ್‌ಗಳಲ್ಲಿ ವಯನಾಡಿನಲ್ಲೂ ಮಧ್ಯಾಹ್ನದ ಬಿಸಿಲು ಅಷ್ಟಕ್ಕೆ ಏರುತ್ತದೆ. ಬಿಸಿಲು ಇಳಿದ ಮೇಲೆ, ಎಲೆ ಕತ್ತಲಾಗುವ ಮೊದಲು ಆರುವಷ್ಟು ಹೊತ್ತಿರುವಾಗ ಹೊಡೆಯುವುದು ಸರಿ. ಬಾಡಿದ ಗಿಡಕ್ಕೆ ಹೊಡೆಯಲೇಬಾರದು. ಹಿಂದಿನ ದಿನ ಬುಡಕ್ಕೆ ನೀರು ಕೊಟ್ಟು ಎಲೆ ನಿಗುರಿದ ಮೇಲೆಯೇ ಮದ್ದು.

ಗುಲಾಬಿ ಬೆಳೆಯುವವರು ಬೂದಿರೋಗಕ್ಕೆ ಗಂಧಕ ಹೊಡೆಯುತ್ತಾರೆ. ಗಂಧಕ ಹೊಡೆದ ಎಲೆಗೆ ಎರಡು ವಾರದೊಳಗೆ ಯಾವ ಎಣ್ಣೆಯನ್ನೂ ಹೊಡೆಯಬಾರದು. ಬೇರೆ ಬೇರೆಯಾಗಿ ಎಲೆ ತಾಳಿಕೊಳ್ಳುವ ಎರಡೂ ಸೇರಿದಾಗ ಎಲೆಯನ್ನು ಸುಟ್ಟು ಉದುರಿಸುತ್ತವೆ.

ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ: ಪಂಪು. ಕಾಫಿ ತೋಟದಲ್ಲಿ ಕಳೆನಾಶಕ ಹೊಡೆದ ಪಂಪನ್ನೇ ಒಂದು ಸಲ ನೀರಾಡಿಸಿ ಹಿತ್ತಿಲಿಗೆ ತಂದರೆ, ಮೂಲೆಯಲ್ಲಿ ಉಳಿದ ಒಂದಿಷ್ಟು ಕಳೆಮದ್ದೇ ಮೆಣಸಿನಗಿಡ, ಟೊಮೆಟೊಗಳ ಚಿಗುರು ತಿರುಚಿಕೊಳ್ಳಲು ಸಾಕು. 2,4-ಡಿಯಂಥ ಕಳೆನಾಶಕದ ಅತ್ಯಲ್ಪ ಶೇಷಕ್ಕೂ ಅಷ್ಟು ಬಲವಿದೆ. ತಪ್ಪು ಬೇವಿನೆಣ್ಣೆಯ ತಲೆಗೆ ಬರುತ್ತದೆ. ಹೂಗಿಡ, ತರಕಾರಿಗೆಂದೇ ಒಂದು ಸಣ್ಣ ಕೈಪಂಪನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಎಷ್ಟೋ ಎಲೆಗಳನ್ನು ಉಳಿಸುತ್ತದೆ.

ಕಾವಲಿನ ಇರುವೆ, ತಿನ್ನುವ ಹುಳ

ಹೇನಿರುವ ಗಿಡಕ್ಕೆ ಇರುವೆಯ ಸಾಲು ಹತ್ತಿರುತ್ತದೆ. ಸಿಹಿಯಂಟಿನ ಆಸೆಗೆ ಬರುವ ಇರುವೆಗಳು ಹೇನನ್ನು ತಿನ್ನಲು ಬರುವ ಹುಳಗಳನ್ನು ಕಚ್ಚಿ ಓಡಿಸುತ್ತವೆ. ಇರುವೆಯನ್ನು ತಡೆದರೆ ಹೇನಿಗೆ ಕಾವಲು ತಪ್ಪುತ್ತದೆ. ದಾಸವಾಳ, ಕರಿಬೇವಿನಂಥ ಗಿಡಗಳ ಕಾಂಡಕ್ಕೆ ಅಂಗೈ ಅಗಲದ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ಗ್ರೀಸ್ ನೇರವಾಗಿ ತೊಗಟೆಗೆ ತಾಗಬಾರದು. ಪಕ್ಕದ ಗಿಡಕ್ಕೆ, ಗೋಡೆಗೆ ತಾಗುವ ರೆಂಬೆಗಳನ್ನು ಸವರಿಬಿಡಿ; ಇರುವೆಗೆ ಸೇತುವೆ ಇರಬಾರದು.

ಆಮೇಲೆ ಬರುವವರನ್ನು ಗುರುತಿಸಲು ಕಲಿಯಬೇಕು. ಕೆಂಪು ಹಳದಿ ಬೆನ್ನಿನ ಗುಲಗಂಜಿ ಹುಳ ಎಲ್ಲರಿಗೂ ಗೊತ್ತು. ಅದರ ಮರಿ ಗೊತ್ತಿಲ್ಲ. ಬೂದುಗಪ್ಪು ಮೈಯ ಮೇಲೆ ಕಿತ್ತಳೆ ಚುಕ್ಕೆಗಳಿರುವ, ಮೊಸಳೆಯಂಥ ಈ ಮರಿಯನ್ನು ಕೀಟವೆಂದೇ ಹೊಸಕಿ ಹಾಕುವವರು ಬಹಳ. ತಾಯಿ ಹುಳದಂತೆ ಅದೂ ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ. ಹೇನಿನ ಗುಂಪಿನ ನಡುವೆ ಕಾಲಿಲ್ಲದ ಹಸಿರು ಮರಿಹುಳ ತೆವಳುತ್ತಿದ್ದರೆ ಅದು ಹೂನೊಣದ ಮರಿ. ಅದಕ್ಕೂ ಹೇನೇ ಊಟ. ಕೂದಲೆಳೆಯಂಥ ಕಡ್ಡಿಯ ತುದಿಯಲ್ಲಿ ಒಂದೊಂದೇ ಮೊಟ್ಟೆ ಕಂಡರೆ ಹಸಿರು ಜಾಲರೆಕ್ಕೆಯ ಕೀಟ ಬಂದಿದೆ. ಕೆಲವು ಹೇನುಗಳು ಉಬ್ಬಿ, ಕಂದುಬಣ್ಣಕ್ಕೆ ತಿರುಗಿ, ಕಾಗದದಂತೆ ಗಟ್ಟಿಯಾಗಿ ಎಲೆಗೆ ಅಂಟಿರುತ್ತವೆ. ಅವುಗಳೊಳಗೆ ಪರೋಪಜೀವಿ ಕಣಜದ ಮರಿ ಬೆಳೆಯುತ್ತಿದೆ. ಈ ನಾಲ್ಕರಲ್ಲಿ ಎರಡು ಕಂಡರೂ ಅಂದು ಮದ್ದು ಹೊಡೆಯಬೇಡಿ. ಒಂದು ವಾರ ಕಾದು ನೋಡಿ.

ವಯನಾಡಿನ ಬೇಲಿಗಳಲ್ಲಿ, ಮೆಣಸುಬಳ್ಳಿ ಹಬ್ಬಿಸಲು ನೆಟ್ಟ ಗ್ಲಿರಿಸಿಡಿಯಾದ ಕುಡಿಗಳಲ್ಲಿ ಕಪ್ಪು ಹೇನು ಮೆತ್ತಿಕೊಳ್ಳುವುದುಂಟು. ಅಲಸಂದೆಗೆ ಬರುವುದೂ ಅದೇ ಜಾತಿ. ಅಲಸಂದೆ ಚಪ್ಪರದ ಪಕ್ಕದ ಗ್ಲಿರಿಸಿಡಿಯಾವನ್ನು ಬಿತ್ತನೆಗೆ ಮೊದಲೇ ಸವರಿ ಹಸಿರುಗೊಬ್ಬರಕ್ಕೆ ಹಾಕುವುದು ಜಾಣತನ. ಎಕ್ಕದ ಗಿಡದ ಹಳದಿ ಹೇನು ಹಾಗಲ್ಲ. ಅದು ಎಕ್ಕ, ಕಣಗಿಲೆಗಳ ಬಳಗಕ್ಕೆ ಅಂಟಿಕೊಂಡದ್ದು, ಮೆಣಸಿನಗಿಡಕ್ಕೋ ಗುಲಾಬಿಗೋ ಹಾರುವುದಿಲ್ಲ. ಅದನ್ನು ತಿಂದು ಬೆಳೆದ ಗುಲಗಂಜಿ ಹುಳ ಮಾತ್ರ ನಮ್ಮ ತರಕಾರಿಗೂ ಬರುತ್ತದೆ. ಹಿತ್ತಿಲ ಮೂಲೆಯ ಎಕ್ಕವನ್ನು ಹೇನಿದೆಯೆಂದು ಕಡಿಯಬೇಡಿ. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಯ ಒಂದೆರಡು ಗಿಡಗಳನ್ನು ಹೂ ಬಿಡಲು ಬಿಟ್ಟರೆ ಹೂನೊಣ, ಕಣಜಗಳಿಗೆ ಮಕರಂದ ಸಿಗುತ್ತದೆ.

ಕಬ್ಬಿನ ಗದ್ದೆಯ ಪಾಠ

ಹೇನು ತಿನ್ನುವ ಹುಳಗಳನ್ನು ನಂಬುವುದು ಹಿತ್ತಿಲಿಗೆ ಮಾತ್ರ ಸಲ್ಲುವ ಮಾತಲ್ಲ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿತ್ತು. ಅದೇ ವರ್ಷ ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಗೂ ದಾಟಿತು. ಎಲೆಯಡಿ ಹತ್ತಿ ಮೆತ್ತಿದಂತೆ ಹೇನು, ಎಲೆಯ ಮೇಲೆ ಮಸಿ. ರೈತರು ಗಾಬರಿಯಿಂದ ಕೀಟನಾಶಕ ಹೊಡೆದರು. ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಗೆ ನುಗ್ಗಿ ಎಲೆಯಡಿಗೆ ಮದ್ದು ತಲುಪಿಸುವುದು ಆಗದ ಮಾತಾಗಿತ್ತು.

ಆ ಹೇನನ್ನು ಕೊನೆಗೆ ಹತೋಟಿಗೆ ತಂದದ್ದು ಹುಳಗಳೇ. ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆಯ ಕೀಟ ಕಬ್ಬಿನ ಗದ್ದೆಗಳಲ್ಲಿ ಹೇನು ತಿನ್ನುತ್ತಿದ್ದುದನ್ನು ವಿಜ್ಞಾನಿಗಳು ಗಮನಿಸಿದರು. ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ಅವನ್ನು ಸಾಕಿ ಹಂಚಿದವು. ಎನ್ಕಾರ್ಸಿಯಾ ಎಂಬ ಪರೋಪಜೀವಿ ಕಣಜವನ್ನು ಈಶಾನ್ಯ ಭಾರತದಿಂದ ತರಲಾಯಿತು. ಕೀಟನಾಶಕ ನಿಲ್ಲಿಸಿ ಎಂಬ ತಿಳಿವಳಿಕೆಯೂ ಹುಳಗಳಷ್ಟೇ ಕೆಲಸ ಮಾಡಿತು. ವಿಷ ನಿಂತ ಗದ್ದೆಯಲ್ಲಷ್ಟೇ ಅವು ಬದುಕಿ ಹರಡಬಲ್ಲವು. ಕೆಲವೇ ವರ್ಷಗಳಲ್ಲಿ ಹಾವಳಿ ತಗ್ಗಿತು. ಸಾವಿರಾರು ಎಕರೆಯ ಕಬ್ಬಿಗೆ ಸಾಧ್ಯವಾದದ್ದು ನಾಲ್ಕು ಗುಲಾಬಿ ಗಿಡಕ್ಕೆ ಸಾಧ್ಯವಾಗದೆ ಇರುತ್ತದೆಯೇ?

ವಿಷದ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದೂ ನಮ್ಮವರ ಅನುಭವದಲ್ಲೇ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುರಿಯಿದ್ದದ್ದು ಟೀ ಸೊಳ್ಳೆ ಎಂಬ ಸಣ್ಣ ಕೀಟ. ಎಣ್ಮಕಜೆಯ ಪಡ್ರೆಯಂಥ ಕನ್ನಡ ತುಳು ಊರುಗಳ ಮನೆಗಳು ಅದರ ನೋವನ್ನು ಇಂದಿಗೂ ಹೊತ್ತಿವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಹಿತ್ತಿಲ ಹೇನಿಗೆ ಅಷ್ಟು ದೊಡ್ಡ ಮದ್ದು ಯಾರೂ ತರುವುದಿಲ್ಲ ನಿಜ. ಆದರೆ ಗಿಡದೊಳಗೆ ಇಳಿಯುವ ಕೀಟನಾಶಕ ಹೂವಿನ ಮಕರಂದಕ್ಕೂ ಸೇರುತ್ತದೆ. ಬೇಗೂರಿನ ಕಾಡಿನಲ್ಲಿ ಜೇನು ಕೀಳುವ ಕಾಟ್ಟುನಾಯಕರಿದ್ದಾರೆ. ಇಲ್ಲಿನ ರೋಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿಯೂ ಹೆಜ್ಜೇನು, ತುಡುವೆಗಳೂ ಅದಕ್ಕೆ ಬೇಕು. ಗುಲಾಬಿಯ ಹೇನಿಗೆ ಹೊಡೆದ ವಿಷ ಕಾಫಿಯ ಫಸಲಿಗೂ ತಟ್ಟಬಹುದು. ಅದೂ ಅಲ್ಲದೆ ವಿಷಕ್ಕೆ ಹೇನು ಬೇಗ ಒಗ್ಗಿಕೊಳ್ಳುತ್ತದೆ. ಮೆಣಸಿನಗಿಡ, ಆಲೂಗಡ್ಡೆಗಳಿಗೆ ಬರುವ ಪೀಚ್ ಹೇನು ಜಗತ್ತಿನಾದ್ಯಂತ 70ಕ್ಕೂ ಹೆಚ್ಚು ಕೀಟನಾಶಕಗಳಿಗೆ ನಿರೋಧ ಬೆಳೆಸಿಕೊಂಡಿದೆ.

ಎಲೆ ಉಳಿಸಲು ಹೋಗಬಾರದ ಎರಡು ಗಿಡ

ಇಷ್ಟೆಲ್ಲ ತಾಳ್ಮೆ ಸಲ್ಲದ ಎರಡು ಬೆಳೆಗಳಿವೆ: ಬಾಳೆ ಮತ್ತು ಏಲಕ್ಕಿ. ಇವುಗಳ ಮೇಲಿನ ಕಂದು ಹೇನು ರಸ ಹೀರಿ ಮಾಡುವ ಹಾನಿ ಅಲ್ಪ, ಹೊತ್ತು ತರುವ ವೈರಸ್ಸಿನ ಹಾನಿ ಅಪಾರ. 1940ರ ಸುಮಾರಿಗೆ ತಿರುವಾಂಕೂರು ಸೀಮೆಯಲ್ಲಿ ಕಾಣಿಸಿಕೊಂಡು ಹರಡಿದ ಬಾಳೆಯ ಬಂಚಿ ಟಾಪ್, ಮಲಯಾಳಿ ರೈತರ ಮಾತಿನಲ್ಲಿ ಕುರುನಾಂಬು, ಗಿಡದ ತುದಿಯಲ್ಲಿ ಎಲೆಗಳನ್ನು ಗಿಡ್ಡವಾಗಿ, ನೆಟ್ಟಗೆ, ಒತ್ತೊತ್ತಾಗಿ ನಿಲ್ಲಿಸುತ್ತದೆ. ಏಲಕ್ಕಿಯ ಕಟ್ಟೆ ರೋಗ ಎಳೆ ಎಲೆಗಳಲ್ಲಿ ತಿಳಿಹಸಿರು ಗೀರುಗಳಾಗಿ ಮೂಡುತ್ತದೆ. ಅದನ್ನು ಹರಡುವುದು ಹೇನೇ ಎಂಬುದು 1945ರಷ್ಟು ಹಿಂದೆಯೇ ತಿಳಿದಿತ್ತು. ಕಟ್ಟೆಯ ವೈರಸ್ಸನ್ನು ಹೇನು ನಿಮಿಷಗಳಲ್ಲಿ ಹೀರಿ ನಿಮಿಷಗಳಲ್ಲಿ ದಾಟಿಸುವುದರಿಂದ ಯಾವ ಮದ್ದೂ ಅದರ ಓಟವನ್ನು ಹಿಡಿಯಲಾರದು. ಇಲ್ಲಿ ಉಳಿಸಬೇಕಾದದ್ದು ತೋಟವನ್ನು, ಎಲೆಯನ್ನಲ್ಲ. ರೋಗದ ಗಿಡವನ್ನು ಗೆಡ್ಡೆ ಸಮೇತ ಕಿತ್ತು ನಾಶ ಮಾಡಬೇಕು, ಅದರ ಬುಡದ ಮರಿಗಿಡಗಳನ್ನು ಯಾರಿಗೂ ಕೊಡಬಾರದು. ಏಲಕ್ಕಿಯ ಹೇನಿಗೆ ಕೆಸು, ಕ್ಯಾಲೇಡಿಯಂ ಗಿಡಗಳೂ ಆಸರೆ. ಏಲಕ್ಕಿಯ ಸಾಲಿನ ಹತ್ತಿರ ಅವು ಬೇಡ. ಕೊಡಗಿನ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರ ಕಟ್ಟೆಯನ್ನು ತಡೆಯುವ ವಿಜೇತ ಎಂಬ ತಳಿಯನ್ನು ಕೊಟ್ಟಿದೆ. ವೈರಸ್ಸಿಗೆ ನಂಬಬಹುದಾದ ಉತ್ತರ ತಳಿಯಲ್ಲಿದೆ, ಪಂಪಿನಲ್ಲಿಲ್ಲ.

ಗುಣವಾಯಿತೆಂದು ತಿಳಿಯುವುದು

ಹೂಗಿಡ, ತರಕಾರಿಗಳಲ್ಲಿ ಮದ್ದು ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಜನ ನೋಡುವುದು ಮುರುಟಿದ ಎಲೆಗಳನ್ನೇ. ಅವು ಹಾಗೆಯೇ ಇವೆಯೆಂದು ಮತ್ತೆ ಹೊಡೆಯುತ್ತಾರೆ, ಇನ್ನಷ್ಟು ಗಟ್ಟಿ ಬೆರೆಸುತ್ತಾರೆ, ಚೆನ್ನಾಗಿದ್ದ ಎಲೆಯನ್ನೂ ಸುಡುತ್ತಾರೆ. ಬೆಳೆಯುವಾಗ ಮುರುಟಿದ ಎಲೆ ಹೇನು ಹೋದ ಮೇಲೂ ನೆಟ್ಟಗಾಗುವುದಿಲ್ಲ. ಎಲೆಯಡಿ ಕಾಣುವ ಬಿಳಿಯ ಹೊಟ್ಟೂ ಹೇನಲ್ಲ, ಅವು ಬಿಟ್ಟುಹೋದ ಪೊರೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ. ನೋಡಬೇಕಾದದ್ದು ಮದ್ದು ಹೊಡೆದ ಮೇಲೆ ಮೂಡಿದ ಚಿಗುರನ್ನು. ಅದು ಹರವಾಗಿ ಬಿಚ್ಚಿಕೊಂಡಿದೆ, ಅಡಿಯಲ್ಲಿ ಹೇನು ಹತ್ತಾರಕ್ಕಿಂತ ಹೆಚ್ಚಿಲ್ಲ, ಇರುವೆಯ ಸಾಲು ಇಲ್ಲ ಎಂದಾದರೆ ಚಿಕಿತ್ಸೆ ಮುಗಿಯಿತು.

ಆ ಹತ್ತಾರು ಹೇನುಗಳನ್ನು ಬಿಡಿ. ಒಂದೂ ಉಳಿಯದಂತೆ ಅಳಿಸಿದ ಹಿತ್ತಿಲಿಗೆ ಗುಲಗಂಜಿ ಹುಳ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಮುಂದಿನ ಚಿಗುರಿಗೆ ಹೇನು ಹಾರಿ ಬಂದಾಗ ತಿನ್ನಲು ಯಾರೂ ಇರುವುದಿಲ್ಲ. ಸ್ವಲ್ಪ ಹೇನನ್ನು ಸಹಿಸುವ ತೋಟಗಾರನಿಗೆ ಮದ್ದಿನ ಕೆಲಸ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಎಲೆಯನ್ನು ಕಾಯುವ ಮದ್ದುಗಳಲ್ಲಿ ಅದಕ್ಕಿಂತ ಸೌಮ್ಯವಾದದ್ದು ಬೇರೊಂದಿಲ್ಲ.